ಅಜ್ಜ ರೈಲ್ವೆಯಲ್ಲಿ ಏನಾಗಿದ್ದರು?

‘ನಮ್ಮಜ್ಜ ರೈಲ್ವೆಯಲ್ಲಿದ್ದರು’ ಎನ್ನುವ ಮನೆಗಳಿಗೆ ಕರ್ನಾಟಕದಲ್ಲಿ ಬರವಿಲ್ಲ. ಹುಬ್ಬಳ್ಳಿ, ಅರಸೀಕೆರೆ, ಗದಗ, ಲೋಂಡಾ, ಬೀರೂರು, ವಾಡಿ, ಬಂಗಾರಪೇಟೆ ಇಂಥ ಊರುಗಳ ಹಳೆಯ ಬೀದಿಗಳಲ್ಲಿ ನಾಲ್ಕು ಮನೆಯ ಕದ ತಟ್ಟಿದರೆ ಒಂದರಲ್ಲಾದರೂ ಈ ಮಾತು ಕೇಳಿಸುತ್ತದೆ. ಏನು ಕೆಲಸ ಎಂದು ಮುಂದೆ ಕೇಳಿದಾಗ ಮಾತ್ರ ಉತ್ತರ ತಡವರಿಸುತ್ತದೆ. ಗಾರ್ಡ್ ಅಂತೆ, ಪೋರ್ಟರ್ ಅಂತೆ, ಅದೇನೋ ಇನ್‌ಸ್ಪೆಕ್ಟರ್ ಅಂತೆ. ಟ್ರಂಕಿನ ತಳದಲ್ಲಿ ಹಳೆಯ ಸರ್ಟಿಫಿಕೇಟು ಸಿಕ್ಕಿತೆಂದರೆ ಅದರಲ್ಲಿ ‘ಟಿ.ಎಕ್ಸ್.ಆರ್.’ ಎಂದೋ ‘ಪಿ.ಡಬ್ಲ್ಯು.ಐ.’ ಎಂದೋ ಮೂರಕ್ಷರ ಇರುತ್ತದೆ. ಅದನ್ನು ಬಿಡಿಸಿ ಹೇಳುವವರು ಮನೆಯಲ್ಲಿ ಯಾರೂ ಉಳಿದಿರುವುದಿಲ್ಲ.

ವಂಶದ ಚರಿತ್ರೆ ಹುಡುಕುವವರಿಗೆ ಈ ಹುದ್ದೆಯ ಹೆಸರಿನಷ್ಟು ಒಳ್ಳೆಯ ಸುಳಿವು ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ. ಆದರೆ ಅದನ್ನು ಒಂಟಿಯಾಗಿ ಓದಬಾರದು. ಯಾವ ಇಲಾಖೆ, ಯಾವ ಕಂಪನಿ, ಯಾವ ವರ್ಷ ಎಂಬ ಮೂರನ್ನೂ ಪಕ್ಕದಲ್ಲಿಟ್ಟು ಓದಿದರೆ ಅಜ್ಜ ದಿನವಿಡೀ ಏನು ಮಾಡುತ್ತಿದ್ದರು, ಎಲ್ಲಿ ಮಲಗುತ್ತಿದ್ದರು, ಮಕ್ಕಳು ಯಾಕೆ ಬೇರೆ ಬೇರೆ ಊರಲ್ಲಿ ಹುಟ್ಟಿದರು, ಅವರ ಕಾಗದ ಪತ್ರ ಈಗ ಯಾವ ಕಚೇರಿಯಲ್ಲಿರಬಹುದು ಎಂಬುದೆಲ್ಲ ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು, ದಾರಿ ತಪ್ಪಿಸುವ ಹೆಸರುಗಳನ್ನು ನೋಡೋಣ. ಗಾರ್ಡ್ ಎಂದರೆ ಕಾವಲುಗಾರರಲ್ಲ. ಗಾಡಿಯ ಕೊನೆಯ ಬ್ರೇಕ್‌ವ್ಯಾನಿನಲ್ಲಿ ಕೂತು ಇಡೀ ರೈಲಿನ ಹೊಣೆ ಹೊರುತ್ತಿದ್ದವರು. ಹಸಿರು ನಿಶಾನೆ ತೋರಿಸಿ ಗಾಡಿ ಬಿಡಿಸುವುದು, ಪ್ರತಿ ಸ್ಟೇಷನ್ನಿಗೆ ಬಂದ ಹೊತ್ತು, ಬಿಟ್ಟ ಹೊತ್ತನ್ನು ಜರ್ನಲ್ಲಿನಲ್ಲಿ ಬರೆಯುವುದು, ಗಾಡಿ ನಡುದಾರಿಯಲ್ಲಿ ನಿಂತರೆ ಹಿಂದಕ್ಕೆ ನಡೆದು ಹೋಗಿ ಹಳಿಯ ಮೇಲೆ ಎಚ್ಚರಿಕೆಯ ಪಟಾಕಿ ಇಟ್ಟು ಹಿಂದಿನ ಗಾಡಿಯನ್ನು ತಡೆಯುವುದು ಅವರ ಕೆಲಸ. ಕಾವಲಿನವರು ಬೇರೆಯೇ ಇದ್ದರು. ಅವರದು ‘ವಾಚ್ ಅಂಡ್ ವಾರ್ಡ್’ ವಿಭಾಗ. 1957ರ ಕಾಯ್ದೆಯ ಮೇಲೆ ಅದೇ ರೈಲ್ವೆ ರಕ್ಷಣಾ ದಳ, ಅಂದರೆ ಆರ್‌ಪಿಎಫ್ ಆಯಿತು. ಫೈರ್‌ಮನ್ ಎಂದ ಕೂಡಲೇ ಅಗ್ನಿಶಾಮಕ ದಳ ನೆನಪಾಗುವ ಕಾಲ ಇದು. ರೈಲ್ವೆಯ ಫೈರ್‌ಮನ್ ಬೆಂಕಿ ಆರಿಸಿದವರಲ್ಲ, ಎಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕಿ ಬೆಂಕಿ ಉರಿಸಿದವರು. ಸಿಗ್ನಲರ್ ಎಂದಿದ್ದರೆ ಕೈಮರದ ಸರಿಗೆ ಎಳೆಯುತ್ತಿದ್ದವರು ಎಂದುಕೊಳ್ಳಬೇಡಿ. ಆ ಕೆಲಸ ಸಿಗ್ನಲ್‌ಮನ್, ಕ್ಯಾಬಿನ್‌ಮನ್, ಲಿವರ್‌ಮನ್‌ಗಳದು. ಸಿಗ್ನಲರ್ ಎಂದರೆ ತಂತಿಯಲ್ಲಿ ಮೋರ್ಸ್ ಸಂಕೇತದ ಸಂದೇಶ ಕಳಿಸುತ್ತಿದ್ದ ಟೆಲಿಗ್ರಾಫ್ ನೌಕರರು. ಮೋರ್ಸ್ ಕಲಿತ ಹುಡುಗನಿಗೆ ಮುಂದೆ ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರ್ ಆಗುವ ದಾರಿ ತೆರೆದಿರುತ್ತಿತ್ತು.

ಟ್ರೈನ್ ಎಕ್ಸಾಮಿನರ್ ಎಂಬುದನ್ನು ಟಿಕೆಟ್ ಎಕ್ಸಾಮಿನರ್ ಎಂದು ಓದಿಕೊಳ್ಳುವವರು ಬಹಳ. ಟಿ.ಎಕ್ಸ್.ಆರ್. ಎಂದು ಮೊಟಕಾಗಿ ಬರೆಯುತ್ತಿದ್ದ ಈ ಮನುಷ್ಯರು ಪ್ರಯಾಣಿಕರ ಟಿಕೆಟ್ ನೋಡಿದವರಲ್ಲ. ನಿಂತ ಗಾಡಿಯ ಉದ್ದಕ್ಕೂ ಬಗ್ಗಿ ನಡೆದು ಗಾಲಿ, ಅಚ್ಚು, ಬ್ರೇಕು, ಕೊಂಡಿಗಳನ್ನು ಪರೀಕ್ಷಿಸುತ್ತಿದ್ದವರು. ಗಾಲಿಯನ್ನು ಸುತ್ತಿಗೆಯಿಂದ ತಟ್ಟಿ ಬರುವ ನಾದದ ಮೇಲೆ ಬಿರುಕು ಇದೆಯೋ ಇಲ್ಲವೋ ಹೇಳುತ್ತಿದ್ದ ಇಲಾಖೆ ಇದು. ಹಾಗೆಯೇ ನಂಬರ್ ಟೇಕರ್ ಎಂಬ ಹುದ್ದೆ. ಒಂದು ಕಂಪನಿಯ ವ್ಯಾಗನ್ ಇನ್ನೊಂದು ಕಂಪನಿಯ ಹಳಿಗೆ ದಾಟಿದರೆ ಬಾಡಿಗೆ ಲೆಕ್ಕ ಶುರುವಾಗುತ್ತಿತ್ತು. ಜಂಕ್ಷನ್ ಯಾರ್ಡಿನಲ್ಲಿ ಬಿಸಿಲು ಮಳೆ ಎನ್ನದೆ ಓಡಾಡಿ ಒಂದೊಂದು ವ್ಯಾಗನ್ನಿನ ನಂಬರನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದವರು ಇವರು. ಅಜ್ಜ ನಂಬರ್ ಟೇಕರ್ ಆಗಿದ್ದರೆ ಅವರಿಗೆ ಓದು ಬರಹ ಬರುತ್ತಿತ್ತು, ಅವರು ದೊಡ್ಡ ಯಾರ್ಡ್ ಇದ್ದ ಊರಲ್ಲಿದ್ದರು ಎಂಬ ಎರಡು ಸಂಗತಿ ಆ ಹೆಸರೊಂದರಿಂದಲೇ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಗೊಂದಲ ಮಾಡುವುದು ಪೋರ್ಟರ್. ನಮ್ಮ ಕಣ್ಣಿಗೆ ಕೆಂಪಂಗಿ, ತೋಳಿನ ಹಿತ್ತಾಳೆ ಬಿಲ್ಲೆ, ತಲೆಯ ಮೇಲೆ ಎರಡು ಸೂಟ್‌ಕೇಸ್ ಕಟ್ಟುತ್ತದೆ. ಆ ಬಿಲ್ಲೆಯವರು ಲೈಸೆನ್ಸ್ ಪಡೆದವರೇ ಹೊರತು ರೈಲ್ವೆಯ ಸಂಬಳದ ನೌಕರರಾಗಿರಲಿಲ್ಲ. ಸರ್ವಿಸ್ ದಾಖಲೆಯಲ್ಲಿ ಪೋರ್ಟರ್ ಎಂದು ಇದ್ದರೆ ಅದು ಸ್ಟೇಷನ್ನಿನ ಕಾಯಂ ಕೆಲಸ. ಅದರೊಳಗೇ ಹಲವು ಬಗೆ. ಲ್ಯಾಂಪ್ ಪೋರ್ಟರ್ ಸಂಜೆಯಾಗುತ್ತಲೇ ಸೀಮೆಎಣ್ಣೆ ದೀಪ ಹೊತ್ತು ಸಿಗ್ನಲ್ ಕಂಬ ಹತ್ತುತ್ತಿದ್ದವರು. ಬಾಕ್ಸ್ ಪೋರ್ಟರ್ ಗಾರ್ಡ್ ಮತ್ತು ಡ್ರೈವರರ ಪೆಟ್ಟಿಗೆಗಳನ್ನು ಗಾಡಿಗೆ ಏರಿಸಿ ಇಳಿಸುತ್ತಿದ್ದವರು. ಟೋಕನ್ ಪೋರ್ಟರರ ಕೆಲಸವಂತೂ ಮೈ ಝುಮ್ಮೆನ್ನಿಸುವಂಥದು. ಒಂಟಿ ಹಳಿಯ ಮಾರ್ಗದಲ್ಲಿ ಎರಡು ಸ್ಟೇಷನ್ನುಗಳ ನಡುವೆ ಒಂದು ಹೊತ್ತಿಗೆ ಒಂದೇ ಗಾಡಿ ಇರಬೇಕು. ಅದಕ್ಕೆ ಪುರಾವೆಯಾಗಿ ನೀಲ್ಸ್ ಬಾಲ್ ಟೋಕನ್ ಯಂತ್ರದಿಂದ ಹೊರಬಂದ ಲೋಹದ ಗುಂಡನ್ನು ಚರ್ಮದ ಚೀಲಕ್ಕೆ ಹಾಕಿ, ಆ ಚೀಲವನ್ನು ಬೆತ್ತದ ದೊಡ್ಡ ಬಳೆಗೆ ಕಟ್ಟಿ ಡ್ರೈವರಿಗೆ ಕೊಡುತ್ತಿದ್ದರು. ಅದಿಲ್ಲದೆ ಗಾಡಿ ಮುಂದೆ ಹೋಗುವಂತಿಲ್ಲ. ನಿಲ್ಲದೆ ಓಡುವ ಮೇಲ್ ಗಾಡಿಗೆ ಅದನ್ನು ಕೊಡುವುದು ಹೇಗೆ? ರಾತ್ರಿಯ ಕತ್ತಲಲ್ಲಿ, ಹಳಿಯ ಪಕ್ಕ, ದೀಪ ಹಿಡಿದು, ಬಳೆಯನ್ನು ಎತ್ತಿ ನಿಲ್ಲಬೇಕು. ಓಡುವ ಎಂಜಿನ್ನಿನಿಂದ ಫೈರ್‌ಮನ್ ತೋಳು ಚಾಚಿ ಅದರೊಳಗೆ ಕೈ ತೂರಿಸಿ ಕಿತ್ತುಕೊಂಡು ಹೋಗುತ್ತಿದ್ದ, ಹಿಂದಿನ ಸ್ಟೇಷನ್ನಿನ ಬಳೆಯನ್ನು ಎಸೆದು ಹೋಗುತ್ತಿದ್ದ. ಕತ್ತಲಲ್ಲಿ ಆ ಬಳೆಯನ್ನು ಹುಡುಕಿ ತರುವುದೂ ಟೋಕನ್ ಪೋರ್ಟರರ ಪಾಲಿಗೇ. ‘ಬರೀ ಪೋರ್ಟರ್ ಆಗಿದ್ದರು’ ಎಂದು ಮನೆಯವರು ತಗ್ಗಿದ ದನಿಯಲ್ಲಿ ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ನೂರಾರು ಜನರ ಪ್ರಾಣ ಆ ಬಳೆಯ ಮೇಲೆ ನಿಂತಿತ್ತು.

ರೈಲಿನಲ್ಲೇ ಕೆಲಸ ಮಾಡಿ ರೈಲ್ವೆಯವರಲ್ಲದವರೂ ಇದ್ದರು. ಆರ್.ಎಂ.ಎಸ್., ಅಂದರೆ ರೈಲ್ವೆ ಮೇಲ್ ಸರ್ವಿಸ್ಸಿನ ಸಾರ್ಟರ್ ಓಡುವ ಗಾಡಿಯಲ್ಲಿ ಕಾಗದ ವಿಂಗಡಿಸುತ್ತಿದ್ದರು ನಿಜ, ಆದರೆ ಅವರು ಅಂಚೆ ಇಲಾಖೆಯವರು. ಸ್ಟೇಷನ್ನಿನ ರೈಲ್ವೆ ಪೊಲೀಸರು ರಾಜ್ಯದ ಪೊಲೀಸ್ ಇಲಾಖೆಗೆ ಸೇರಿದವರು. ಇವರ ದಾಖಲೆಗೆ ರೈಲ್ವೆ ಕಚೇರಿಗೆ ಅಲೆದರೆ ಬರಿಗೈಯಲ್ಲಿ ಬರಬೇಕಾಗುತ್ತದೆ.

ಆದ್ದರಿಂದ ಹೆಸರು ಸಿಕ್ಕ ಕೂಡಲೇ ಕೇಳಬೇಕಾದ ಪ್ರಶ್ನೆ ಇಲಾಖೆ ಯಾವುದು ಎಂಬುದು. ಹಳಿ, ಸೇತುವೆ, ಕಟ್ಟಡದವರದು ಎಂಜಿನಿಯರಿಂಗ್. ಸ್ಟೇಷನ್, ಯಾರ್ಡ್, ಗಾರ್ಡ್, ಗುಮಾಸ್ತರದು ಟ್ರಾಫಿಕ್. ಎಂಜಿನ್ ನಡೆಸುವವರದು ಲೋಕೋ. ಡಬ್ಬಿಗಳದು ಕ್ಯಾರೇಜ್ ಅಂಡ್ ವ್ಯಾಗನ್. ಒಂದೇ ‘ಖಲಾಸಿ’ ಎಂಬ ಹೆಸರು ಈ ಎಲ್ಲ ಕಡೆಯೂ ಇತ್ತು. ಲೋಕೋ ಖಲಾಸಿ ಶೆಡ್ಡಿನ ಮಸಿಯಲ್ಲಿ ದುಡಿದವರು, ಬ್ರಿಡ್ಜ್ ಖಲಾಸಿ ನದಿಯ ಮೇಲೆ ನೇತಾಡಿ ಗರ್ಡರಿನ ರಿವೆಟ್ ಬಡಿದವರು. ಖಲಾಸಿ ಎಂದಷ್ಟೇ ಗೊತ್ತಿದ್ದರೆ ಏನೂ ಗೊತ್ತಾದಂತಲ್ಲ. ಇನ್‌ಸ್ಪೆಕ್ಟರ್ ಎಂಬುದೂ ಹಾಗೆಯೇ. ಪಿ.ಡಬ್ಲ್ಯು.ಐ. ಅಂದರೆ ಪರ್ಮನೆಂಟ್ ವೇ ಇನ್‌ಸ್ಪೆಕ್ಟರ್, ಹತ್ತಾರು ಮೈಲಿ ಹಳಿಗೆ ಒಡೆಯ. ತಳ್ಳುವ ಟ್ರಾಲಿಯಲ್ಲಿ ಕೂತು ಹಳಿ ನೋಡುತ್ತ ಹೋಗುತ್ತಿದ್ದವರು. ಆ ಟ್ರಾಲಿಯನ್ನು ಹಳಿಯ ಮೇಲೇ ಬರಿಗಾಲಲ್ಲಿ ಓಡಿ ತಳ್ಳುತ್ತಿದ್ದವರು ಟ್ರಾಲಿಮನ್. ಐ.ಒ.ಡಬ್ಲ್ಯು. ಎಂದರೆ ಕಟ್ಟಡ, ಕ್ವಾರ್ಟರ್ಸ್, ನೀರಿನ ವ್ಯವಸ್ಥೆ ನೋಡಿಕೊಳ್ಳುವ ಇನ್‌ಸ್ಪೆಕ್ಟರ್ ಆಫ್ ವರ್ಕ್ಸ್.

ನಮ್ಮ ಕಡೆಯ ರೈಲ್ವೆ ಕುಟುಂಬಗಳಲ್ಲಿ ಬಹಳಷ್ಟರ ಮೂಲ ಗ್ಯಾಂಗಿನಲ್ಲಿದೆ. ಹಳಿಯನ್ನು ಕೆಲವು ಮೈಲಿಗೊಂದರಂತೆ ಬೀಟ್ ಮಾಡಿ ಒಂದೊಂದಕ್ಕೆ ಒಂದು ಗ್ಯಾಂಗ್ ಕೊಟ್ಟಿರುತ್ತಿದ್ದರು. ಗ್ಯಾಂಗಿನ ಮುಖ್ಯಸ್ಥ ಕಾಗದದಲ್ಲಿ ‘ಮೇಟ್’, ಜನರ ಬಾಯಲ್ಲಿ ಮೇಸ್ತ್ರಿ. ಅವರ ಕೆಳಗೆ ಒಬ್ಬ ಕೀಮನ್, ಉಳಿದವರು ಗ್ಯಾಂಗ್‌ಮನ್‌ಗಳು. ಸ್ಲೀಪರ್ ಕೆಳಗೆ ಜಲ್ಲಿಯನ್ನು ಬೀಟರಿನಿಂದ ಬಡಿದು ತುಂಬುವುದು, ಜರುಗಿದ ಹಳಿಯನ್ನು ಹಾರೆ ಹಾಕಿ ಒಟ್ಟಿಗೆ ಕೂಗು ಹಾಕುತ್ತ ನೇರ ಮಾಡುವುದು ಇವರ ದಿನಗೆಲಸ. ಕೀಮನ್ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೊರಡುತ್ತಿದ್ದರು. ಹೆಗಲಿಗೆ ಸುತ್ತಿಗೆ, ಸ್ಪ್ಯಾನರ್. ಕೈಯಲ್ಲಿ ಕೆಂಪು ಹಸಿರು ಬಾವುಟ. ಚೀಲದಲ್ಲಿ ಪಟಾಕಿಯ ಡಬ್ಬಿ. ಬೀಟಿನ ಈ ತುದಿಯಿಂದ ಆ ತುದಿಗೆ ಹೋಗುವಾಗ ಒಂದು ಹಳಿ, ಬರುವಾಗ ಇನ್ನೊಂದು ಹಳಿ. ಹಳಿ ಹಿಡಿದಿಡುವ ಕೀ ಸಡಿಲಾಗಿದ್ದರೆ ಬಡಿದು ಕೂರಿಸಬೇಕು, ಬೋಲ್ಟ್ ಬಿಗಿಯಬೇಕು, ಹಳಿ ಮುರಿದಿದ್ದರೆ ಕೆಂಪು ಬಾವುಟ ನೆಟ್ಟು, ಗಾಡಿ ಬರುವ ದಿಕ್ಕಿಗೆ ಓಡಿ ಪಟಾಕಿ ಕಟ್ಟಬೇಕು. ಮಳೆಗಾಲದಲ್ಲಿ ಇದರ ಜೊತೆ ರಾತ್ರಿ ಗಸ್ತು. ಕ್ಯಾಸಲ್‌ರಾಕಿನಿಂದ ಕುಳೆಂ ಕಡೆಗೆ ಇಳಿಯುವ ಘಟ್ಟದಲ್ಲಿ ಹಳಿ ಪ್ರತಿ 37 ಅಡಿಗೆ ಒಂದಡಿ ಇಳಿಯುತ್ತದೆ, ಮೇಲಿನಿಂದ ಗುಡ್ಡ ಕುಸಿಯುತ್ತದೆ. ಅಲ್ಲಿ ಪೆಟ್ರೋಲ್‌ಮನ್ ಆಗಿದ್ದವರು ಗೊಂಗಡಿ ಹೊದ್ದು ಲಾಂದ್ರ ಹಿಡಿದು ರಾತ್ರಿಯಿಡೀ ನಡೆದವರು. ‘ಅಜ್ಜ ಒಂದು ಸಲ ರೈಲನ್ನೇ ಉಳಿಸಿದರಂತೆ’ ಎಂಬ ಕಥೆ ಮನೆಯಲ್ಲಿದ್ದು, ಹುದ್ದೆ ಕೀಮನ್ ಅಥವಾ ಪೆಟ್ರೋಲ್‌ಮನ್ ಎಂದಿದ್ದರೆ, ಕಥೆಯನ್ನು ತಳ್ಳಿಹಾಕಬೇಡಿ. ಅಂಥ ಗಳಿಗೆಗೆ ಸಜ್ಜಾಗಿರುವುದೇ ಅವರ ಕೆಲಸವಾಗಿತ್ತು.

ಹುಡುಕುವವರಿಗೆ ಗ್ಯಾಂಗ್ ನಂಬರ್ ಬಹಳ ದೊಡ್ಡ ಸುಳಿವು. ಗ್ಯಾಂಗ್ ಇಂತಿಷ್ಟನೇ ನಂಬರು, ಇಂಥ ಊರಿನ ಪಿ.ಡಬ್ಲ್ಯು.ಐ. ಕೈಕೆಳಗೆ ಎಂಬ ಒಂದು ಸಾಲು ಸಿಕ್ಕರೆ ಅದು ಪೂರ್ತಿ ವಿಳಾಸವೇ. ಯಾವ ಎರಡು ಸ್ಟೇಷನ್ನುಗಳ ನಡುವೆ, ಯಾವ ಗ್ಯಾಂಗ್ ಕ್ವಾರ್ಟರ್ಸಿನಲ್ಲಿ ಅವರ ಸಂಸಾರ ಇತ್ತು ಎಂಬುದನ್ನು ಅದರಿಂದ ಹುಡುಕಬಹುದು. ಗ್ಯಾಂಗ್‌ಮನ್‌ಗಳಿಗೆ ಬೇರೆಯವರಂತೆ ದೂರದೂರಿಗೆ ವರ್ಗವಾಗುವುದು ಕಡಿಮೆ. ಹೀಗಾಗಿ ಅವರ ಮೂಲ ಊರು ಹಳಿಯ ಆಸುಪಾಸಿನ ಹಳ್ಳಿಯೇ ಆಗಿರುವ ಸಂಭವ ಹೆಚ್ಚು. ಸ್ಟೇಷನ್ ಮಾಸ್ಟರ್, ಗಾರ್ಡ್‌ಗಳ ವಿಷಯದಲ್ಲಿ ಹಾಗೆ ಹೇಳಲಾಗದು.

ಇಲ್ಲೇ ಒಂದು ಎಚ್ಚರಿಕೆ ಕೊಡಬೇಕು. ಸರ್ವಿಸ್ ಶೀಟಿನಲ್ಲಿ ಅಜ್ಜನ ಹುಟ್ಟಿದ ದಿನ ಜುಲೈ 1 ಎಂದಿದ್ದರೆ ಅದನ್ನು ಕಣ್ಣುಮುಚ್ಚಿ ವಂಶವೃಕ್ಷಕ್ಕೆ ಏರಿಸಬೇಡಿ. ಹುಟ್ಟಿದ ವರ್ಷ ಮಾತ್ರ ಗೊತ್ತಿದ್ದು ತಿಂಗಳು, ತಾರೀಕು ಗೊತ್ತಿಲ್ಲದವರಿಗೆ ಜುಲೈ 1 ಎಂದು, ತಿಂಗಳೂ ಗೊತ್ತಿದ್ದವರಿಗೆ ಆ ತಿಂಗಳ 16 ಎಂದು ಬರೆಯುವುದು ರೈಲ್ವೆಯ ನಿಯಮವಾಗಿತ್ತು. ಹೆಬ್ಬೆಟ್ಟು ಒತ್ತಿ ಕೆಲಸಕ್ಕೆ ಸೇರಿದವರ ವಿಷಯದಲ್ಲಿ ವರ್ಷವೇ ಅಂದಾಜಿನದಾಗಿರಬಹುದು. ಆದರೆ ಅದೇ ಶೀಟಿನಲ್ಲಿ ತಂದೆಯ ಹೆಸರು, ಊರು, ಎತ್ತರ, ಮೈಮೇಲಿನ ಗುರುತು ಇರುತ್ತವೆ. ಫೋಟೋ ಇಲ್ಲದ ಅಜ್ಜನ ಎಡಹುಬ್ಬಿನ ಮೇಲೆ ಗಾಯದ ಕಲೆಯಿತ್ತು ಎಂಬುದು ಮೊಮ್ಮಗಳಿಗೆ ಗೊತ್ತಾಗುವುದು ಅಂಥ ಹಾಳೆಯಿಂದಲೇ.

ಲೋಕೋ ಕಡೆಯ ಹೆಸರುಗಳು ಒಂದು ಏಣಿಯ ಮೆಟ್ಟಿಲುಗಳು. ಹುಡುಗ ಕ್ಲೀನರ್ ಆಗಿ ಶೆಡ್ಡಿಗೆ ಸೇರಿ, ಸೀಮೆಎಣ್ಣೆ ಅದ್ದಿದ ಹತ್ತಿ ವೇಸ್ಟಿನಿಂದ ಎಂಜಿನ್ ಒರೆಸುತ್ತಿದ್ದ. ಆಮೇಲೆ ಸೆಕೆಂಡ್ ಫೈರ್‌ಮನ್, ಫಸ್ಟ್ ಫೈರ್‌ಮನ್, ಯಾರ್ಡಿನಲ್ಲೇ ಎಂಜಿನ್ ಓಡಿಸುವ ಶಂಟರ್, ಕೊನೆಗೆ ಡ್ರೈವರ್. ಡ್ರೈವರಿನಲ್ಲೂ ಸಿ ಗ್ರೇಡ್, ಬಿ ಗ್ರೇಡ್, ಎ ಗ್ರೇಡ್. ಮೇಲ್ ಗಾಡಿ ಸಿಗುತ್ತಿದ್ದುದು ಎ ಗ್ರೇಡಿನವರಿಗೆ. ಹೀಗಾಗಿ 1930ರ ಕಾಗದದಲ್ಲಿ ‘ಕ್ಲೀನರ್’ ಎಂದೂ 1955ರ ಕಾಗದದಲ್ಲಿ ‘ಡ್ರೈವರ್’ ಎಂದೂ ಇದ್ದರೆ ಇಬ್ಬರು ಬೇರೆ ಮನುಷ್ಯರೆಂದು ಭಾವಿಸಬೇಕಿಲ್ಲ. ಕಂಪನಿ ಕಾಲದಲ್ಲಿ ಈ ಏಣಿ ಎಲ್ಲರಿಗೂ ಒಂದೇ ಆಗಿರಲಿಲ್ಲ ಎಂಬುದನ್ನೂ ನೆನಪಿಡಬೇಕು. ಮೇಲ್ ಡ್ರೈವರ್, ಗಾರ್ಡ್, ಫೋರ್‌ಮನ್ ಕೆಲಸಗಳಲ್ಲಿ ಯುರೋಪಿಯನ್ನರಿಗೂ ಆಂಗ್ಲೋ ಇಂಡಿಯನ್ನರಿಗೂ ಮೊದಲ ಪಾಲು. ಭಾರತೀಯ ಫೈರ್‌ಮನ್ ಒಬ್ಬರು ಎಷ್ಟೋ ವರ್ಷ ಅದೇ ಮೆಟ್ಟಿಲಲ್ಲಿ ನಿಂತಿದ್ದರೆ ಅದು ಅವರ ಅಸಮರ್ಥತೆಯ ಗುರುತಲ್ಲ.

ಏಣಿಯಿಂದ ದಿಢೀರನೆ ಕೆಳಗೆ ಬಂದಂತೆ ಕಾಣುವ ದಾಖಲೆಗಳೂ ಇವೆ. ನಿನ್ನೆ ಡ್ರೈವರ್ ಆಗಿದ್ದವರು ಇಂದು ಶೆಡ್ಡಿನ ಗುಮಾಸ್ತರು. ಮನೆಯವರು ಏನೋ ತಪ್ಪು ಮಾಡಿ ಶಿಕ್ಷೆಯಾಯಿತೇನೋ ಎಂದು ಅಂಜುತ್ತಾರೆ. ಹೆಚ್ಚಿನ ಸಲ ಕಾರಣ ಕಣ್ಣು. ರೈಲ್ವೆಯಲ್ಲಿ ಪ್ರತಿ ಹುದ್ದೆಗೂ ದೃಷ್ಟಿಯ ಒಂದು ದರ್ಜೆ ಇದೆ. ಡ್ರೈವರಿಗೆ ಎ-1, ಸ್ಟೇಷನ್ ಮಾಸ್ಟರಿಗೆ ಎ-2, ಕಚೇರಿ ಗುಮಾಸ್ತರಿಗೆ ಸಿ-2 ಹೀಗೆ. ಗೊತ್ತಾದ ಅವಧಿಗೊಮ್ಮೆ ನಡೆಯುವ ವೈದ್ಯಕೀಯ ಪರೀಕ್ಷೆಯಲ್ಲಿ ಎ-1 ಹೋದರೆ ಡ್ರೈವರ್ ಎಂಜಿನ್ ಬಿಟ್ಟು ಇಳಿಯಲೇಬೇಕು. ‘ಮೆಡಿಕಲಿ ಡಿಕ್ಯಾಟಗರೈಸ್ಡ್’ ಎಂದು ಬರೆದ ಸಾಲು ಸಿಕ್ಕರೆ ಅದರ ಅರ್ಥ ಇಷ್ಟೇ. ಶೆಡ್ಡಿನ ಸುತ್ತ ಇನ್ನೂ ಒಂದು ಹುದ್ದೆಯಿತ್ತು: ಕಾಲ್ ಬಾಯ್. ವಯಸ್ಸು ಐವತ್ತಾಗಿದ್ದರೂ ಹೆಸರು ಬಾಯ್ ಎಂದೇ. ನಡುರಾತ್ರಿ ಕಾಲ್ ಬುಕ್ ಹಿಡಿದು ಡ್ರೈವರ್, ಫೈರ್‌ಮನ್, ಗಾರ್ಡುಗಳ ಮನೆ ಬಾಗಿಲು ತಟ್ಟಿ ಎಬ್ಬಿಸಿ ಸಹಿ ಹಾಕಿಸಿಕೊಳ್ಳುತ್ತಿದ್ದವರು. ಎಂಜಿನ್ ಸಿಬ್ಬಂದಿಯ ಮನೆಗಳೆಲ್ಲ ಶೆಡ್ಡಿನ ಹತ್ತಿರವೇ ಗುಂಪಾಗಿ ಇರುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಹುದ್ದೆಯ ಹಿಂದೆ ಅಂಟಿರುವ ಪುಟ್ಟ ಮಾತುಗಳನ್ನು ಬಿಟ್ಟುಬಿಡಬೇಡಿ. ‘ರಿಲೀವಿಂಗ್’ ಅಥವಾ ‘ರೆಸ್ಟ್ ಗಿವರ್’ ಎಂದಿದ್ದರೆ ಆ ಸ್ಟೇಷನ್ ಮಾಸ್ಟರಿಗೆ ಸ್ವಂತದ ಸ್ಟೇಷನ್ ಇರಲಿಲ್ಲ. ರಜೆ ಹೋದವರ ಜಾಗಕ್ಕೆ ಊರೂರು ತಿರುಗುತ್ತಿದ್ದರು. ‘ಆಫಿಶಿಯೇಟಿಂಗ್’ ಎಂದರೆ ಮೇಲಿನ ಹುದ್ದೆಯನ್ನು ತಾತ್ಕಾಲಿಕವಾಗಿ ನೋಡಿಕೊಂಡದ್ದು. ‘ಸಬ್‌ಸ್ಟಿಟ್ಯೂಟ್’, ‘ಕ್ಯಾಶುವಲ್’ ಎಂದರೆ ಇನ್ನೂ ಕಾಯಂ ಆಗಿರಲಿಲ್ಲ. 1877-78ರ ಬರದಲ್ಲಿ ಹೊಟ್ಟೆಪಾಡಿಗೆ ಬೆಂಗಳೂರು-ಮೈಸೂರು ಹಾದಿಯ ಮಣ್ಣು ಹೊತ್ತವರು ಯಾವ ರೈಲ್ವೆಯ ನೌಕರರ ಪಟ್ಟಿಯಲ್ಲೂ ಸಿಗುವವರಲ್ಲ. ಅವರು ಬರಪರಿಹಾರದ ಕೂಲಿಗಳು.

ಇನ್ನು ರೈಲ್ವೆ ಕಾರ್ಖಾನೆಗಳಲ್ಲಿ ಹುಬ್ಬಳ್ಳಿಯದು 1885ರಷ್ಟು ಹಳೆಯದು, ಮೈಸೂರಿನದು 1924ರದು. ಅಲ್ಲಿನ ಹುದ್ದೆಗಳಾದ ಫಿಟ್ಟರ್, ಟರ್ನರ್, ಮೋಲ್ಡರ್, ಬಾಯ್ಲರ್‌ಮೇಕರ್, ಹ್ಯಾಮರ್‌ಮನ್, ಚಾರ್ಜ್‌ಮನ್ ಅರ್ಥಕ್ಕೆ ಅಷ್ಟು ಕಷ್ಟವಲ್ಲ. ಅಲ್ಲಿ ಹೆಸರಿಗಿಂತ ನೌಕರರ ಟಿಕೆಟ್ ನಂಬರ್ ಮುಖ್ಯ. ಆ ನಂಬರ್ ಇರುವ ಹಿತ್ತಾಳೆಯ ಸಣ್ಣ ಬಿಲ್ಲೆ ಮನೆಯಲ್ಲಿ ಸಿಕ್ಕರೆ ಜೋಪಾನ ಮಾಡಿ.

ಇನ್ನು ಕಂಪನಿಯ ವಿಷಯ. ಹುಡುಕಾಟ ಹೆಚ್ಚಾಗಿ ಮುರಿದುಬೀಳುವುದು ಇಲ್ಲಿ. ಇಂದಿನ ಕರ್ನಾಟಕದ ನೆಲದಲ್ಲಿ ಸ್ವಾತಂತ್ರ್ಯಕ್ಕೆ ಮುಂಚೆ ಒಂದು ರೈಲ್ವೆ ಇರಲಿಲ್ಲ, ಐದಿದ್ದವು. 1864ರಲ್ಲಿ ಬೆಂಗಳೂರು ದಂಡಿಗೆ ಜೋಲಾರ್‌ಪೇಟೆಯಿಂದ ರೈಲು ತಂದದ್ದು ಮದ್ರಾಸ್ ರೈಲ್ವೆ. ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ಗದಗ, ವಿಜಯಪುರದ ಕಡೆ ಸದರ್ನ್ ಮರಾಠಾ ರೈಲ್ವೆ. ಅದರ ಮುಖ್ಯ ಕಚೇರಿಯಾಗಿದ್ದ ಕಟ್ಟಡವೇ ಇಂದು ಧಾರವಾಡದ ಕರ್ನಾಟಕ ಕಾಲೇಜು. 1908ರಲ್ಲಿ ಇವೆರಡೂ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ, ಅಂದರೆ ಎಂ.ಎಸ್.ಎಂ. ಆಯಿತು. ಕಲಬುರಗಿಯಲ್ಲಿ ಮುಂಬೈಯ ಗ್ರೇಟ್ ಇಂಡಿಯನ್ ಪೆನಿನ್ಸುಲಾ, ಅಂದರೆ ಜಿ.ಐ.ಪಿ.; 1871ರಲ್ಲಿ ಅದು ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ವಾಡಿಯಿಂದ ಪೂರ್ವಕ್ಕೆ ಮತ್ತು ಬೀದರಿನಲ್ಲಿ ನಿಜಾಮರ ರೈಲ್ವೆ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಮರುವರ್ಷವೇ ಆ ಮಾರ್ಗ ಸೌತ್ ಇಂಡಿಯನ್ ರೈಲ್ವೆಗೆ ಹೋಯಿತು. ಮೈಸೂರು ಸಂಸ್ಥಾನದ ಹಳಿಗಳು ಸಂಸ್ಥಾನದ ಹಣದಿಂದ ಆದರೂ ಬಹುಕಾಲ ನಡೆಸಿದ್ದು ಸದರ್ನ್ ಮರಾಠಾ ಕಂಪನಿ. 1919ರಿಂದ ಮೈಸೂರು ಸರ್ಕಾರ ಅವುಗಳ ಆಡಳಿತವನ್ನು ಹಂತಹಂತವಾಗಿ ವಾಪಸು ಪಡೆಯಿತು. ಹೀಗಾಗಿ ಒಂದೇ ಸ್ಟೇಷನ್ನಿನಲ್ಲಿ, ಒಂದೇ ಕುರ್ಚಿಯಲ್ಲಿ ಕೂತ ಮಾಸ್ಟರರ ಕೋಟಿನ ಗುಂಡಿಯ ಮೇಲಿನ ಅಕ್ಷರ ನಡುವೆ ಬದಲಾಗಿರಬಹುದು. ಹಳೆಯ ಫೋಟೋವನ್ನು ಭೂತಗನ್ನಡಿ ಹಿಡಿದು ನೋಡಿ. ಗುಂಡಿ, ಟೋಪಿಯ ಬಿಲ್ಲೆ, ಬೆಲ್ಟಿನ ಬಕಲ್ಲಿನ ಮೇಲೆ ಕಂಪನಿಯ ಮೊದಲಕ್ಷರಗಳಿರುತ್ತವೆ.

1951ರ ಏಪ್ರಿಲ್ 14ರಂದು ಎಂ.ಎಸ್.ಎಂ., ಸೌತ್ ಇಂಡಿಯನ್, ಮೈಸೂರು ರೈಲ್ವೆಗಳು ಸೇರಿ ದಕ್ಷಿಣ ರೈಲ್ವೆಯಾಯಿತು. ಜಿ.ಐ.ಪಿ. ಮತ್ತು ನಿಜಾಮರ ರೈಲ್ವೆ ಅದೇ ವರ್ಷ ಮಧ್ಯ ರೈಲ್ವೆಗೆ ಸೇರಿದವು. ಹುಬ್ಬಳ್ಳಿ 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆಗೆ ಹೋಗಿ, 2003ರಲ್ಲಿ ತಾನೇ ನೈಋತ್ಯ ರೈಲ್ವೆಯ ಕೇಂದ್ರವಾಯಿತು. ಮೈಸೂರು, ಬೆಂಗಳೂರು ವಿಭಾಗಗಳು 2003ರವರೆಗೂ ದಕ್ಷಿಣ ರೈಲ್ವೆಯಲ್ಲೇ ಇದ್ದವು. ಕಲಬುರಗಿಯ ಅಜ್ಜನಿಗೆ ಸೊಲ್ಲಾಪುರ, ರಾಯಚೂರಿನ ಅಜ್ಜನಿಗೆ ಗುಂತಕಲ್ಲು, ಮಂಗಳೂರಿನ ಅಜ್ಜನಿಗೆ ಪಾಲಕ್ಕಾಡು ಹೀಗೆ ವಿಭಾಗೀಯ ಕಚೇರಿಗಳು ರಾಜ್ಯದ ಗಡಿಯಾಚೆಗೆ ಬೀಳುತ್ತವೆ. ಎಲ್ಲದಕ್ಕೂ ಹುಬ್ಬಳ್ಳಿಗೇ ಅರ್ಜಿ ಹಾಕಿದರೆ ಉತ್ತರ ಬರುವುದಿಲ್ಲ.

ಕಾಗದಗಳ ಪೈಕಿ ಮೊದಲು ಹುಡುಕಬೇಕಾದದ್ದು ಪಿ.ಪಿ.ಒ., ಅಂದರೆ ಪಿಂಚಣಿ ಆದೇಶ. ಹುದ್ದೆ, ಸೇರಿದ ದಿನ, ನಿವೃತ್ತಿಯ ದಿನ, ಹೆಂಡತಿಯ ಹೆಸರು ಅದರಲ್ಲಿರುತ್ತವೆ. ಆದರೆ ರೈಲ್ವೆಯಲ್ಲಿ ಪಿಂಚಣಿ ಬಂದದ್ದೇ 1957ರ ನವೆಂಬರ್ 16ರಿಂದ. ಅದಕ್ಕೆ ಮುಂಚೆ ಕಂಪನಿ ರೈಲ್ವೆಗಳಲ್ಲಿ ನಿವೃತ್ತರಾದವರು ಪ್ರಾವಿಡೆಂಟ್ ಫಂಡ್, ಗ್ರಾಚ್ಯುಯಿಟಿಯ ಇಡುಗಂಟು ಪಡೆದು ಮನೆಗೆ ಹೋದವರು. ಪಿಂಚಣಿ ಪುಸ್ತಕ ಇಲ್ಲವೆಂದು ಅಜ್ಜ ಕಾಯಂ ನೌಕರರಲ್ಲ ಎಂಬ ತೀರ್ಮಾನಕ್ಕೆ ಬರಬೇಡಿ. ಕುಟುಂಬ ಪಿಂಚಣಿ ಶುರುವಾದದ್ದು 1964ರಲ್ಲಿ. ಅಜ್ಜಿಯ ಹೆಸರಿನ ಬ್ಯಾಂಕ್ ಪುಸ್ತಕದಲ್ಲಿ ಅಜ್ಜನ ಪಿ.ಪಿ.ಒ. ನಂಬರ್ ಅಡಗಿರಬಹುದು. ರೈಲು ಪ್ರಯಾಣದ ಪಾಸಿಗಾಗಿ ಕೊಟ್ಟ ಡಿಕ್ಲರೇಷನ್ನಿನಲ್ಲಿ ಅವಲಂಬಿತರ ಹೆಸರು, ವಯಸ್ಸು ಇರುತ್ತವೆ. ವಿಧವೆ ತಾಯಿ, ಮದುವೆಯಾಗದ ತಂಗಿ ಎಂದು ಬೇರೆಲ್ಲೂ ದಾಖಲಾಗದ ಹೆಣ್ಣುಮಕ್ಕಳು ಸಿಗುವುದು ಅಲ್ಲೇ. ಆಂಗ್ಲೋ ಇಂಡಿಯನ್ ಮತ್ತು ಕ್ರೈಸ್ತ ಕುಟುಂಬಗಳಿಗೆ ಚರ್ಚಿನ ಪುಸ್ತಕಗಳಿವೆ. ಮದ್ರಾಸ್, ಮುಂಬೈ ಪ್ರಾಂತ್ಯಗಳಿಂದ ಕಳಿಸಿದ ದೀಕ್ಷಾಸ್ನಾನ, ಮದುವೆ, ಸಮಾಧಿಯ ವಿವರಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವುಗಳಲ್ಲಿ ತಂದೆಯ ಹುದ್ದೆಯೂ ಇರುತ್ತದೆ. ಮೈಸೂರು ಸಂಸ್ಥಾನದ ಕಡತಗಳಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ ಇದೆ.

ಸರ್ವಿಸ್ ಪುಸ್ತಕದಲ್ಲಿ 1974ರ ಮೇ ತಿಂಗಳಲ್ಲಿ ಒಂದು ಬಿರುಕು ಕಂಡರೆ ಅದರ ಕಾರಣ ದೇಶಕ್ಕೇ ಗೊತ್ತು. ಮಂಗಳೂರಿನವರಾದ ಜಾರ್ಜ್ ಫರ್ನಾಂಡಿಸ್ ಮುಂದಾಳತ್ವದಲ್ಲಿ ಮೇ 8ರಿಂದ 27ರವರೆಗೆ ನಡೆದ ಮುಷ್ಕರ ಅದು. ಭಾಗವಹಿಸಿದವರ ಪುಸ್ತಕದಲ್ಲಿ ‘ಬ್ರೇಕ್ ಇನ್ ಸರ್ವಿಸ್’ ಎಂದು ಬರೆದರು, ಕೆಲವರನ್ನು ವಜಾ ಮಾಡಿದರು. ಅದು ಕಳಂಕವಲ್ಲ. ಅಂಥ ಸಾಲು ಇರುವ ಮನೆಗಳು ಹೆಮ್ಮೆಯಿಂದಲೇ ಹೇಳಿಕೊಳ್ಳಬೇಕು ಎನ್ನುವವನು ನಾನು.

ಅಜ್ಜಿಯರ ಹುದ್ದೆಗಳನ್ನು ಹುಡುಕುವವರು ಕಡಿಮೆ. ಗಂಡ ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಹೆಂಡತಿಗೆ ಅನುಕಂಪದ ಮೇಲೆ ಕೆಲಸ ಸಿಗುತ್ತಿತ್ತು. ಹೆಂಗಸರ ವೇಟಿಂಗ್ ರೂಮಿನ ಆಯಾ, ನೀರು ಕೊಡುವವರು, ಕಚೇರಿಯ ಪ್ಯೂನ್, ಆಮೇಲಿನ ಕಾಲದಲ್ಲಿ ಗ್ಯಾಂಗಿನವರೂ ಆದರು. ‘ಅಜ್ಜಿಗೂ ರೈಲ್ವೆ ಕ್ವಾರ್ಟರ್ಸ್ ಇತ್ತು’ ಎಂಬ ಮಾತು ಕೇಳಿದರೆ ಅಲ್ಲಿ ಎರಡನೆಯ ಸರ್ವಿಸ್ ಪುಸ್ತಕ ಒಂದಿದೆ ಎಂದೇ ತಿಳಿಯಿರಿ.

ಈಗಿನ ಹೆಸರುಗಳನ್ನೂ ಅರಿತಿರಬೇಕು, ಯಾಕೆಂದರೆ ಕಚೇರಿಯ ಹೊಸ ಹುಡುಗರಿಗೆ ಹಳೆಯವು ಗೊತ್ತಿರುವುದಿಲ್ಲ. ಗ್ಯಾಂಗ್‌ಮನ್ ಟ್ರ್ಯಾಕ್‌ಮನ್ ಆಗಿ ಈಗ ಟ್ರ್ಯಾಕ್ ಮೇಂಟೈನರ್. ಪಿ.ಡಬ್ಲ್ಯು.ಐ. ಈಗ ಸೆಕ್ಷನ್ ಎಂಜಿನಿಯರ್. ಉಗಿ ಎಂಜಿನ್ ಹೋದಾಗ ಫೈರ್‌ಮನ್ ಡೀಸೆಲ್ ಅಸಿಸ್ಟೆಂಟ್ ಆದರು, ಈಗ ಅಸಿಸ್ಟೆಂಟ್ ಲೋಕೋ ಪೈಲಟ್. ಗಾರ್ಡ್ 2022ರಿಂದ ಟ್ರೈನ್ ಮ್ಯಾನೇಜರ್. ಬಿಲ್ಲೆಯ ಪೋರ್ಟರಿಗೆ 2016ರಲ್ಲಿ ಸಹಾಯಕ ಎಂಬ ಹೆಸರು ಬಂತು. ‘ಇನ್‌ಫೀರಿಯರ್ ಸರ್ವೆಂಟ್’ ಎಂದು ಕಂಪನಿ ಕಾಲದಲ್ಲಿ ಬರೆಯುತ್ತಿದ್ದ ಕೀಳು ಹೆಸರು ಅಳಿದು ಕ್ಲಾಸ್ ಫೋರ್ ಆಯಿತು, ಆಮೇಲೆ ಗ್ರೂಪ್ ಡಿ. ಹಳೆಯ ಕಾಗದದಲ್ಲಿ ಆ ಮಾತು ಕಂಡರೆ ನಾಚಿಕೊಳ್ಳಬೇಕಾದವರು ಅದನ್ನು ಬರೆದವರು.

ಟೋಕನ್ ಯಂತ್ರ, ಕೈದೀಪ, ಹಳೆಯ ಎಂಜಿನ್ನುಗಳನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ಮೈಸೂರು ಮತ್ತು ಹುಬ್ಬಳ್ಳಿಯಲ್ಲಿ ರೈಲು ಮ್ಯೂಸಿಯಂಗಳಿವೆ. ಆದರೆ ಮ್ಯೂಸಿಯಮ್ಮಿಗೆ ಹೋಗುವ ಮುನ್ನ ಮಾಡಬೇಕಾದ ಕೆಲಸ ಮನೆಯಲ್ಲೇ ಇದೆ. ಉಗಿ ಎಂಜಿನ್ ಕಾಲದ ನೌಕರರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ಹತ್ತಿರ ಕೂತು ಕೇಳಿ: ಮೊದಲ ಸ್ಟೇಷನ್ ಯಾವುದು, ಯಾರ ಕೈಕೆಳಗೆ, ಸಂಬಳ ಎಲ್ಲಿಂದ ಬರುತ್ತಿತ್ತು, ಕ್ವಾರ್ಟರ್ಸ್ ನಂಬರ್ ಎಷ್ಟು. ಕೇಳಿದ್ದನ್ನು ವರ್ಷದ ಸಮೇತ ಬರೆದಿಡಿ. ಪಿ.ಪಿ.ಒ., ಪಿ.ಎಫ್. ಚೀಟಿ, ಪಾಸು, ಬಿಲ್ಲೆ ಏನೇ ಇದ್ದರೂ ಮನೆ ಬದಲಿಸುವಾಗ ಗುಜರಿಗೆ ಹಾಕಬೇಡಿ. ಅವರ ಕೈಬರಹದಲ್ಲಿರುವ ಮೂರಕ್ಷರದ ಹುದ್ದೆಯನ್ನು ಇದ್ದಂತೆಯೇ, ತಿದ್ದದೆ, ನಕಲು ಮಾಡಿಕೊಳ್ಳಿ.